ಅಪ್ಪನ ಚಾಕು ಬಿಚ್ಚಿದ ಬೇಸಿಗೆ

ಆಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸಪ್ಪಳಕ್ಕೆ. ಅವ್ವ ಸೀರೆ ನೇಯುತ್ತಿದ್ದಳು, ಅಪ್ಪ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ನಾನು ಐದನೇ ಇಯತ್ತೆ ಮುಗಿಸಿದ ವರ್ಷ ಕಲ್ಲಿನ ಕೆಳಗೆ ಸಿಕ್ಕು ಅವನ ಎಡಗೈಯ ಹೆಬ್ಬೆರಳು, ತೋರುಬೆರಳು ಅರ್ಧರ್ಧ ಹೋದವು. ಆಮೇಲೆ ಅವನು ಅಲ್ಲೇ ವಾಚ್‌ಮನ್ ಆದ.

ಅಪ್ಪನ ಕಿಸೆಯಲ್ಲಿ ಯಾವಾಗಲೂ ಒಂದು ಮಡಚುವ ಚಾಕು ಇರುತ್ತಿತ್ತು. ಅಲಗು, ಪುಟ್ಟ ಕತ್ತರಿ, ಸ್ಕ್ರೂಡ್ರೈವರ್, ಬಾಟಲಿಯ ಮುಚ್ಚಳ ತೆಗೆಯುವ ಕೊಕ್ಕೆ, ನಾಲ್ಕೂ ಅದರೊಳಗೇ. ನಮಗೆ ಪೇರಲಹಣ್ಣು ಹೆಚ್ಚಿ ಉಪ್ಪುಖಾರ ಹಚ್ಚಿ ಕೊಡುತ್ತಿದ್ದುದೂ ಅದರಿಂದಲೇ. ಈಗ ಅದನ್ನು ತೆರೆಯಲು ಎಡಗೈಯ ಆ ಎರಡು ಬೆರಳಿಗೆ ಉಗುರಿರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆಯತೊಡಗಿದ. ಒಂದು ದಿನ ಅಲಗು ಜಾರಿ ತುಟಿ ಸೀಳಿತು.

"ಹುಡುಗ್ಯಾರ ಕೈಯಾಗ ಕೊಟ್ರ ತಗದು ಕೊಡೂದಿಲ್ಲೇನ್ರಿ?" ಎಂದಳು ಅವ್ವ, ಅರಿವೆಯಿಂದ ರಕ್ತ ಒರೆಸುತ್ತ.

"ಒಂದು ಚಾಕು ತಗಿಯಾಕ ಮಂದೀನ ಕರೀಬೇಕೇನ?" ಎಂದು ಅಪ್ಪ ಅದನ್ನು ಗೋಡೆಯ ಗೂಡಿನಲ್ಲಿಟ್ಟ. ಮತ್ತೆ ಮುಟ್ಟಲಿಲ್ಲ.

ಎರಡು ವಾರ ನೋಡಿ ಶಾಂತಕ್ಕ ಅದನ್ನು ಕೆಳಗಿಳಿಸಿದಳು. ನನ್ನ ಅಕ್ಕನಿಗೆ ಆಗ ಹದಿನೇಳು. ಅಪ್ಪ ಕೆಲಸಕ್ಕೆ ಹೋದ ಮೇಲೆ, ಅವನದೇ ಪೆಟ್ಟಿಗೆಯ ಅರ, ಸುತ್ತಿಗೆ ತಂದು ನಾವಿಬ್ಬರೂ ಹಿತ್ತಲಲ್ಲಿ ಕೂತೆವು. ಮಗ್ಗದ ಸಪ್ಪಳದಲ್ಲಿ ಅರ ತಿಕ್ಕುವುದು ಅವ್ವನಿಗೆ ಕೇಳುತ್ತಿರಲಿಲ್ಲ. ಎಲ್ಲವನ್ನೂ ಹಿಡಿದಿಟ್ಟಿದ್ದ ರಿವೆಟ್ಟಿನ ತಲೆ ಸವೆಸಿ ಹೊರಗೆ ಬಡಿದಾಗ ಚಾಕು ತುಂಡುತುಂಡಾಗಿ ಬಿದ್ದಿತು. ಅಕ್ಕ ಎಲ್ಲವನ್ನೂ ಹಳೇ ಪೇಪರಿನ ಮೇಲೆ ಸಾಲಾಗಿಟ್ಟು, ಒಂದೊಂದರ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದಳು. ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ ರೊಟ್ಟಿ ಮುರಿಯುವಾಗಲೂ ಕೈಗೆ ಅಂಟಿಕೊಂಡಿರುತ್ತಿತ್ತು.

ಅವಳ ವಿಚಾರ ಇಷ್ಟೇ. ಹಿಡಿಕೆಯ ಪಕ್ಕವನ್ನು ಅರ್ಧಚಂದ್ರದ ಹಾಗೆ ಕೊರೆದರೆ ಮಡಚಿದ ಅಲಗಿನ ಬದಿ ಬೆರಳಿಗೆ ಸಿಗುತ್ತದೆ. ಸ್ಪ್ರಿಂಗಿನ ಪಟ್ಟಿಯನ್ನು ತೆಳ್ಳಗೆ ಮಾಡಿದರೆ ಬಲಗೈ ಹೆಬ್ಬೆರಳೊಂದೇ ಅಲಗನ್ನು ತಳ್ಳೀತು. ರಿವೆಟ್ಟಿನ ಬದಲು ಸೈಕಲ್ ಕಡ್ಡಿಯ ತುಂಡು. ಮೊದಲ ಸಲ ಜೋಡಿಸಿದಾಗ ಅಲಗು ಅಲುಗಲೇ ಇಲ್ಲ. ಎರಡನೆಯ ಸಲ ತಾನೇ ಜೋತುಬಿತ್ತು. ಮೂರನೆಯ ಸಲ ಬಿಚ್ಚಿ ಕೂತಿದ್ದಾಗ ಅಪ್ಪ ಮಧ್ಯಾಹ್ನವೇ ಮನೆಗೆ ಬಂದುಬಿಟ್ಟ.

ತುಂಡುಗಳನ್ನು ನೋಡಿದ. ನನಗೆ ಅಳುವೇ ಬಂತು. ಅಕ್ಕ ಕೂತಲ್ಲಿಂದ ಏಳಲಿಲ್ಲ.

"ನಿನಗ ಒಂದ ಕೈಲೆ ತಗಿಯಾಕ ಬರ್ಲಿ ಅಂತ ಮಾಡಾಕತ್ತೀನಪ್ಪ," ಎಂದಳು.

ಅಪ್ಪ ಅಲ್ಲೇ ಪಕ್ಕದಲ್ಲಿ ಕೂತ. ಅಕ್ಕ ತುಂಡುಗಳನ್ನು ಮತ್ತೆ ಜೋಡಿಸಿದಾಗ ಚಾಕುವನ್ನು ಕಲ್ಲಿನ ಮೇಲಿಟ್ಟು ಅಂಗಾಲಿನಿಂದ ಒತ್ತಿ ಹಿಡಿದ. "ಕಡ್ಡೀನ ಒಮ್ಮೆಲೆ ಬಡೀಬ್ಯಾಡ. ನಡುನಡುವ ಅಲಗು ಆಡಿಸಿ ನೋಡಕೋತ ಬಡಿ," ಎಂದ.

ಸಂಜೆಗೆ ಮುಗಿಯಿತು. ಅಪ್ಪ ಬಲಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಳ್ಳಿದ. ಟಕ್ಕೆಂದು ತೆರೆಯಿತು. ತೊಡೆಗೊತ್ತಿ ಮುಚ್ಚಿ ಮತ್ತೆ ತೆರೆದ.

"ನೋಡಿಲ್ಲಿ, ನಿನ್ನ ಮಗಳು ಮಿಸ್ತ್ರಿ ಆಗ್ಯಾಳ!" ಎಂದು ಅವ್ವನನ್ನು ಕರೆದ. ಬೆರಳು ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಮುಂದಿನ ವರ್ಷ ಅಕ್ಕನನ್ನು ಹುನಗುಂದಕ್ಕೆ ಮದುವೆ ಮಾಡಿ ಕೊಟ್ಟರು. ಚಾಕು ಅಪ್ಪನ ಕಿಸೆಯಲ್ಲಿ ಅವನು ತೀರಿಹೋಗುವವರೆಗೂ ಇತ್ತು. ಅಕ್ಕನ ಕೈಯಲ್ಲಿ ಮಾತ್ರ ಅರವನ್ನಾಗಲಿ ಸುತ್ತಿಗೆಯನ್ನಾಗಲಿ ನಾನು ಮತ್ತೆ ನೋಡಲಿಲ್ಲ. ಹೋದ ತಿಂಗಳು ಅವಳ ಮನೆಗೆ ಹೋದಾಗ ಮಿಕ್ಸರ್ ಕೆಟ್ಟಿತ್ತು. ರಿಪೇರಿಯವನ ದಾರಿ ನೋಡುತ್ತಿದ್ದಳು.

"ನೀನ ಬಿಚ್ಚಿ ನೋಡಬಾರದೇನಕ್ಕ?" ಎಂದೆ.

ಅವಳು ಮಿಕ್ಸರನ್ನು ಬೋರಲು ಹಾಕಿ, ತಳದ ಸ್ಕ್ರೂಗಳ ಮೇಲೆ ಒಮ್ಮೆ ಬೆರಳಾಡಿಸಿದಳು.

"ಮೊದಮೊದಲ ಬಿಚ್ಚಾಕ ಹೋದ್ರ ಅತ್ತಿಮನ್ಯಾಗ ಬೈತಿದ್ರು. ಆಮ್ಯಾಲ ಬೈಯಾವ್ರು ಹೋದ್ರು. ಅಷ್ಟೊತ್ತಿಗೆ ಕೈಗೆ ಮರತ ಹೋಗಿತ್ತು, ತಂಗಿ," ಎಂದಳು.