ಹೆಬ್ಬೆರಳಿನ ಜಾಗ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೂಜಿಯಮ್ಮ ಎಂದೇ ಕರೆಯುತ್ತಿದ್ದರು. ಕಾರ್ಖಾನೆ ಅಂದರೆ ಮನೆಯ ಹಿಂದಿನ ಎರಡು ಕೋಣೆ. ಎಲ್ಲರೂ ಅಂದರೆ ಅಕ್ಕ ಮತ್ತು ಭಾವ. ಭಾವ ಕುಂಬಾರರ ತಿಗರಿಯ ಮೇಲೆ ಪಿಂಗಾಣಿ ಮಗ್ ಮಾಡುತ್ತಿದ್ದ, ಅಕ್ಕ ಅವನ್ನು ಮೆರುಗು ಕೊಡುವ ಗ್ಲೇಜಿನ ಬಕೆಟ್ಟಿನಲ್ಲಿ ಅದ್ದುತ್ತಿದ್ದಳು. ಭಟ್ಟಿಯಲ್ಲಿ ಸುಟ್ಟು ಬಂದ ಮೇಲೆ ಎಲ್ಲೆಲ್ಲಿ ಮೆರುಗು ಕೆಟ್ಟಿದೆ ಎಂದು ಹುಡುಕಿ ಸರಿಮಾಡುವುದು ತಂಗಿಯ ಪಾಲು. ಗುಳ್ಳೆಯನ್ನು ಸೂಜಿಯಿಂದ ಒಡೆದು, ಕಲ್ಲಿನಿಂದ ಉಜ್ಜಿ, ಮಗ್ಗನ್ನು ಸ್ವಲ್ಪ ಬಿಸಿ ಮಾಡಿ, ಕುಂಚದ ತುದಿಯಿಂದ ಗಟ್ಟಿ ಗ್ಲೇಜು ತುಂಬಿ ಮತ್ತೆ ಸುಡಬೇಕು. ಅವಳ ಕಣ್ಣಿಗೆ ಮಣ್ಣೆರಚುವ ತೂತು ಇನ್ನೂ ಹುಟ್ಟಿರಲಿಲ್ಲ. ನೋಡಲು ಬಂದ ಗಂಡುಗಳಲ್ಲೂ ಹೀಗೇ ಊನ ಹುಡುಕಿ ಮನೆಯಲ್ಲೇ ಉಳಿದುಬಿಟ್ಟಳು ಎಂದು ಭಾವ ರೇಗಿಸುತ್ತಿದ್ದ; ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಕ್ಕತಂಗಿಯರ ನಡುವೆ ಇದ್ದದ್ದು ಒಂದೇ ಜಗಳ. ಗ್ಲೇಜಿನ ನೀರಿಗೆ ಅಕ್ಕನ ಕೈ ಬಿರಿದು ಉರಿಯುತ್ತಿತ್ತು, ಅವಳು ಮುಲಾಮು ಹಚ್ಚಿಕೊಂಡೇ ಮಗ್ ಹಿಡಿಯುತ್ತಿದ್ದಳು. ಜಿಡ್ಡು ತಾಗಿದಲ್ಲಿ ಗ್ಲೇಜು ಕೂರುವುದಿಲ್ಲ. ಸುಟ್ಟ ಮೇಲೆ ಬುಡದ ಹತ್ತಿರ ಹೆಬ್ಬೆರಳಗಲ ಬೋಳು ಜಾಗ ಹಲ್ಲುಕಿರಿಯುತ್ತಿತ್ತು. "ಕೆಲಸ ಮುಗಿದ ಮೇಲೆ ಹಚ್ಕೊಳ್ಳೇ ಅಕ್ಕ," ಎಂದು ಸೂಜಿಯಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಕ್ಕ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು.

ಆ ಚಳಿಗಾಲದಲ್ಲಿ, ಮುಲಾಮಿನ ಡಬ್ಬಿಯ ತಳ ಕೆರೆಯುತ್ತಿದ್ದ ದಿನಗಳಲ್ಲೇ, ಅಕ್ಕ ಜ್ವರ ಬಂದು ಹೋಗಿಬಿಟ್ಟಳು. ಭಾವ ತಿಗರಿಗೆ ಬಟ್ಟೆ ಹೊದಿಸಿ ಗೋಡೆಗೆ ಮುಖಮಾಡಿ ಕೂತ. ಸೂಜಿಯಮ್ಮ ಕಾಡಿ ಬೇಡಿ ಅವನಿಂದ ಒಂದಿಷ್ಟು ಮಗ್ ಮಾಡಿಸಿದಳು. ಅದ್ದುವ ಕೆಲಸವನ್ನೂ ತಾನೇ ಹೊತ್ತುಕೊಂಡಳು. ಭಟ್ಟಿ ತೆರೆದಾಗ ಇಬ್ಬರೂ ಮಗ್ ಕೈಗೆತ್ತಿಕೊಂಡು ತಿರುಗಿಸಿದರು. ಅಕ್ಕ ಮುಟ್ಟೇ ಇರದ ಮಗ್‌ಗಳ ಬುಡದಲ್ಲಿ, ಅದೇ ಜಾಗದಲ್ಲಿ, ಅದೇ ಬೋಳು ಗುರುತು.

ಭಾವ ಗುರುತಿನ ಮೇಲೆ ಬೆರಳಿಟ್ಟು ನೋಡಿದ. ಮರುದಿನ ಯಾರೂ ಹೇಳದೆ ತಿಗರಿಯ ಬಟ್ಟೆ ತೆಗೆದ. ಅಂದಿನಿಂದ ಪ್ರತಿ ಸಲ ಭಟ್ಟಿ ತೆರೆದಾಗಲೂ ಮಗ್ ತಿರುಗಿಸಿ ಗುರುತು ನೋಡುವುದು, ಆಮೇಲೆ ಅಕ್ಕ ಬಂದಾಳೆಂಬಂತೆ ಬಾಗಿಲ ಕಡೆ ನೋಡುವುದು. ಸೂಜಿಯಮ್ಮನೂ ನೋಡುತ್ತಿದ್ದಳು. ಅವಳಿಗೆ ಭಯವಾಗುತ್ತಿತ್ತು. ತಾನು ಬೈದದ್ದನ್ನು ಅಕ್ಕ ಮರೆತಿಲ್ಲ ಅನಿಸುತ್ತಿತ್ತು. ಬೋಳು ಜಾಗಕ್ಕೆ ಗ್ಲೇಜು ತುಂಬುವಾಗ, ಏನೋ ಹೇಳಬಂದ ಅಕ್ಕನ ಬಾಯಿ ಮುಚ್ಚುತ್ತಿದ್ದೇನೆ ಅನಿಸಿ ಅರ್ಧಕ್ಕೇ ಕುಂಚ ಎತ್ತಿಬಿಡುತ್ತಿದ್ದಳು. ಅರೆಬರೆ ತೇಪೆ ಎದ್ದು ಕಾಣುತ್ತಿತ್ತು. ಮಗ್ ಕೊಳ್ಳುವ ಅಂಗಡಿಯಾಕೆ ಪೆಟ್ಟಿಗೆ ವಾಪಸ್ ಕಳಿಸಿ, ಇನ್ನೊಮ್ಮೆ ಇಂಥದ್ದು ಬಂದರೆ ನಿಮ್ಮ ಸಹವಾಸವೇ ಬೇಡ ಎಂದಳು. ಅಂಗಡಿ ಕೈಬಿಟ್ಟರೆ ತಿಗರಿ ನಿಲ್ಲುತ್ತದೆ. ಗುರುತು ಹೋದರೆ ಭಾವ ಮತ್ತೆ ಗೋಡೆಗೆ ಮುಖಮಾಡುತ್ತಾನೆ. ಏನು ಮಾಡುವುದೆಂದು ಅವಳಿಗೆ ದಿಕ್ಕೇ ತೋಚಲಿಲ್ಲ.

ಒಂದು ಬೆಳಿಗ್ಗೆ ಅದ್ದಲು ಎತ್ತಿಕೊಂಡ ಮಗ್ ಬೆರಳಿನಿಂದ ಜಾರಿತು. ಹೆಬ್ಬೆರಳು ಮೂಸಿದಳು. ಅಕ್ಕನ ವಾಸನೆ. ಆಗ ಹೊಳೆಯಿತು. ಅಕ್ಕನ ಡಬ್ಬಿ ಇನ್ನೂ ಬಕೆಟ್ಟಿನ ಮೇಲಿನ ಹಲಗೆಯಲ್ಲೇ ಇತ್ತು. ಕೆಲಸ ಶುರುಮಾಡುವ ಮುಂಚೆ ತಾನು ದಿನವೂ ಅದರ ಮುಚ್ಚಳ ತೆಗೆದು, ಹೆಬ್ಬೆರಳಾಡಿಸಿ, ಒಮ್ಮೆ ಮೂಸಿ ಇಡುತ್ತಿದ್ದಳು. ಹಚ್ಚಿಕೊಂಡದ್ದಲ್ಲವಲ್ಲ, ಬರೀ ಮೂಸಿದ್ದು. ಹಾಗಾಗಿ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕಂಡ ಕಂಡ ಮಗ್ಗಿನ ಊನ ಹುಡುಕುವವಳಿಗೆ ತನ್ನ ಬೆರಳೇ ಕಂಡಿರಲಿಲ್ಲ. ಅಕ್ಕ ಎರಡನೇ ಸಲ ಸತ್ತಳು ಅನಿಸಿ ಅಲ್ಲೇ ಕುಸಿದು ಅತ್ತಳು. ಆಮೇಲೆ ಎದ್ದು, ಸೋಪು ಹಾಕಿ ಕೈ ತಿಕ್ಕಿ ತೊಳೆದು, ಅಂದಿನ ಮಗ್‌ಗಳನ್ನೆಲ್ಲ ಅದ್ದಿದಳು.

ಭಟ್ಟಿ ತೆರೆದಾಗ ಒಂದರ ಮೇಲೂ ಗುರುತಿರಲಿಲ್ಲ. ಭಾವ ಒಂದೊಂದನ್ನೇ ತಿರುಗಿಸಿ ನೋಡಿ, ಕಡೆಯದನ್ನು ಕೆಳಗಿಟ್ಟ. ಅವನ ಮುಖ ನೋಡಲಾಗದೆ ಅವಳು ಹೇಳಿಬಿಟ್ಟಳು.

"ಇಷ್ಟು ದಿನ ಬರ್ತಿದ್ದಿದ್ದು ಅಕ್ಕ ಅಲ್ಲ ಭಾವ. ನನ್ನ ಬೆರಳು. ಅವಳ ಡಬ್ಬಿ ಮೂಸ್ತಿದ್ದೆ, ಜಿಡ್ಡು ಅಂಟ್ಕೊಳ್ತಿತ್ತು."

"ಗೊತ್ತು," ಎಂದ ಭಾವ. "ನೀನು ಮೂಸೋದು ಮೊದಲ್ನೇ ಸಲ ಅದ್ದಿದಾಗ್ಲೇ ನೋಡಿದ್ದೆ. ಆ ಡಬ್ಬಿ ಯಾವಾಗ್ಲೋ ಖಾಲಿಯಾಗಿತ್ತು. ಗುರುತು ಬರ್ತಾ ಇರ್ಲಿ ಅಂತ ನಾನೇ ಹೊಸದು ತಂದು ಅದಕ್ಕೆ ತುಂಬ್ತಿದ್ದೆ."

ಅವಳು ಹಲಗೆಯ ಕಡೆ ನೋಡಿದಳು. ಅಕ್ಕ ತಳ ಕೆರೆಯುತ್ತಿದ್ದ ಡಬ್ಬಿ ಇಷ್ಟು ತಿಂಗಳಾದರೂ ಯಾಕೆ ಮುಗಿಯಲಿಲ್ಲ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಭಾವ ಹಲಗೆಯ ಮೇಲಿನ ಡಬ್ಬಿ ತಂದು ಅವಳ ಮುಂದಿಟ್ಟ. ಅವಳ ಬೆರಳ ಸಂದುಗಳೂ ಈಗ ಅಕ್ಕನವುಗಳಂತೆಯೇ ಬಿರಿದಿದ್ದವು.

"ಮೂಸಬೇಡ, ಹಚ್ಕೋ," ಎಂದ. "ಕೆಲಸ ಮುಗೀತಲ್ಲ."

ಅವಳು ಎರಡೂ ಕೈಗೆ ಹಚ್ಚಿಕೊಂಡಳು. ವಾಸನೆ ಕೋಣೆಯೆಲ್ಲ ಹರಡಿತು. ಎಲ್ಲ ಗೊತ್ತಿದ್ದೂ ಇಬ್ಬರೂ ಒಮ್ಮೆಗೇ ಬಾಗಿಲ ಕಡೆ ತಿರುಗಿ ನೋಡಿದರು.