ಸ್ವೆಟರ್ ಅಕ್ಕನ ತಾಯಿಗೆ ಇಟ್ಟ ಎಡೆ

ಟಿಬೆಟ್ಟಿನವರು ಜಪ ಮಾಡುತ್ತಾ ಕೂತು ದೇಶ ಕಳೆದುಕೊಂಡರು ಎಂಬ ಮಾತನ್ನು ತಿಪಟೂರಿನಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು. ಆಧಾರ? ಚಳಿಗಾಲದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಸ್ವೆಟರ್ ಮಾರುವ ಹೆಂಗಸರ ಕೈಯಲ್ಲಿ ಜಪಮಾಲೆ ಕಂಡಿತ್ತು, ಅಷ್ಟೇ. ಕೊಬ್ಬರಿ ವ್ಯಾಪಾರದ ನಮ್ಮ ದೊಡ್ಡಪ್ಪನಿಗಂತೂ ಅದು ತೀರ್ಪು.

"ಹೊಡೆದಾಡ್ದೆ ಬಿಟ್ಟುಕೊಟ್ರು ಕಣ್ಲಾ."

"ನಮ್ಮ ಮನೇಲೇ ಒಬ್ರಿದ್ದಾರಲ್ಲ, ಕೇಳಿದ್ರಾ ದೊಡ್ಡಪ್ಪ?"

"ಲೇ, ಕಾಲೇಜಲ್ಲಿ ಡಿಬೇಟ್ ಕಪ್ ಗೆದ್ದೆ ಅಂತ ಮನೇಲೂ ಶುರು ಮಾಡ್ಬೇಡ, ಬುಡು."

ಆ ಒಬ್ಬರು ನಮ್ಮ ಸ್ವೆಟರ್ ಅಕ್ಕ. ವರ್ಷಾ ವರ್ಷಾ ಬೈಲುಕುಪ್ಪೆಯ ಕ್ಯಾಂಪಿನಿಂದ ಬಂದು, ಚಳಿ ಮುಗಿಯುವವರೆಗೆ ನಮ್ಮ ಮುಂದಿನ ಕೋಣೆಯಲ್ಲಿ ಗಂಟು ಇಳಿಸಿ ಉಳಿಯುತ್ತಿದ್ದರು. ನಾನೇ ಕೇಳಿದೆ.

"ನಮ್ಮಪ್ಪ ಬಂದೂಕು ತಗೊಂಡು ಹೋದ್ರು. ಕುದುರೆ ಒಂದೇ ವಾಪಸ್ ಬಂತು," ಎಂದರು.

ಚೀನಾದ ಸೇನೆ ಬಂದ ಮೇಲೆ ಸೋದರಮಾವ ಆಗಿನ್ನೂ ಮಗುವಾಗಿದ್ದ ಇವರನ್ನು ಬೆನ್ನಿಗೆ ಕಟ್ಟಿಕೊಂಡು ಹಿಮ ದಾಟಿದ್ದರು. ನಡೆಯಲಾರದ ಅಜ್ಜಿಯ ಜೊತೆ ತಾಯಿ ಉಳಿದರು. ಹಿಂದೆಯೇ ಬರುತ್ತೇನೆ ಎಂದವರ ಸುದ್ದಿ ಆಮೇಲೆ ಬರಲೇ ಇಲ್ಲ. ಇದ್ದಾರೆ ಎನ್ನಲೂ ಯಾರೂ ಇಲ್ಲ, ಹೋದರು ಎನ್ನಲೂ ಯಾರೂ ಇಲ್ಲ. ಅಕ್ಕ ಮಾತ್ರ ಸ್ವೆಟರ್ ಮಡಿಸುತ್ತಾ ಚಿಂತಿಸುತ್ತಿದ್ದರು: "ನಮ್ಮಮ್ಮ ಬಂದ್ರೆ ಇಲ್ಲಿ ಸೆಕೆ ತಡೀತಾರಾ?"

ಎಂಬತ್ತರ ಆಸುಪಾಸಿನ ಒಂದು ವರ್ಷ ಅವರು ಬೇಗ, ಹಿರಿಯರ ಹಬ್ಬದ ದಿನವೇ ಬಂದರು. ಅಂದು ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಬಾಳೆಯೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಕೂರುವುದು. ಅಕ್ಕನೂ ನಮ್ಮ ಜೊತೆ ಜಗಲಿಯಲ್ಲಿ ಕೂತರು.

ನಮ್ಮವ್ವ ಅಕ್ಕನ ಕೈ ಹಿಡಿದುಕೊಂಡಳು. "ನಿಮ್ಮವ್ವನಿಗೂ ಒಂದು ಎಡೆ ಇಟ್ಟಿದೀನಿ ಕಣವ್ವ. ಸೀರೇನೂ ಇಟ್ಟಿದೀನಿ. ಯಾರೂ ಇಲ್ದೋರ ಥರ ಅವ್ರು ಯಾಕೆ ಹಸ್ಕೊಂಡಿರ್ಬೇಕು?"

ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತು. ಎಡೆ ಯಾರಿಗೆ ಇಡುತ್ತಾರೆಂದು ಅವರಿಗೆ ಗೊತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಅವ್ರು ಸತ್ತೋದ್ರು ಅಂತ ಯಾರವ್ವ ಹೇಳಿದ್ದು?"

"ಬದುಕಿದ್ರೆ ಒಂದು ಕಾಗದ ಬತ್ತಿರಲಿಲ್ವೇನೋ?"

"ಕಾಗದ ಬರೋಕೆ ಬಿಡ್ತಾರಾ ಅಲ್ಲಿ? ದೇಶಾನೇ ನುಂಗಿ ಕೂತೋರು!"

"ಎಡೆ ಇಟ್ಟೋಳನ್ನ ಕಟಕಟೆಗೆ ಹತ್ತಿಸ್ಬೇಡ್ವೋ," ಎಂದು ದೊಡ್ಡಪ್ಪ ಗದರಿದರು.

ವಾದದಲ್ಲಿ ಗೆದ್ದದ್ದು ನಾನೇ. ಅಕ್ಕನಿಗೆ ಅದು ಬೇಕಿರಲಿಲ್ಲ. ಅವರು ನನ್ನತ್ತ ನೋಡಲೂ ಇಲ್ಲ. ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ಅವ್ವನ ಹತ್ತಿರಕ್ಕೆ ಸರಿದು, ಬಹಳ ಮೆತ್ತಗೆ ಕೇಳಿದರು:

"ಅಮ್ಮಾ, ನಿಮಗೆ ಏನಾದ್ರೂ ಸುದ್ದಿ ಬಂತಾ?"