ಮೂರನೆಯ ಕೂಗಿಗೆ ಮುಂಚೆ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನನ್ನ ಮೊದಲ ಬೆಳಗು ಶುರುವಾದದ್ದು ಒಂದು ಭಯಂಕರ ಕೂಗಿನಿಂದ. ಊರಿಗೇ ಬೆಂಕಿ ಬಿದ್ದಿದೆ ಎಂದುಕೊಂಡೆ. ವಕೀಲಿಯ ಸನದು ಇಟ್ಟಿದ್ದ ಟ್ರಂಕು ಹೊತ್ತುಕೊಂಡು ಬರಿಮೈಯಲ್ಲೇ ಬೀದಿಗೆ ಓಡಿದೆ. ಬೀದಿಯಲ್ಲಿ ಬೇರೆ ಯಾರೂ ಓಡುತ್ತಿರಲಿಲ್ಲ. ಬಾಗಿಲಿಗೆ ನೀರು ಹಾಕುತ್ತಿದ್ದ ಮನೆಯೊಡತಿ ಗೌರಮ್ಮ ತಂಬಿಗೆ ಹಿಡಿದು ನನ್ನನ್ನೇ ನೋಡಿದರು.

"ಎಲ್ಲಿಗೆ ವಕೀಲ್ರೇ, ಟ್ರಂಕ್ ಹೊತ್ಕೊಂಡು? ಅದು ಕಾರ್ಖಾನೆ ಕೂಗು. ಮೊದಲ್ನೇದು ಏಳೋಕೆ, ಎರಡ್ನೇದು ಕೆಲಸಕ್ಕೆ ಸೇರೋಕೆ."

ಧಾರವಾಡದಲ್ಲಿ ಕೂತು ಓದುವ ನೀವು ನಗುತ್ತೀರಿ, ನಗಿ. ಅಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದದ್ದು ಹಾಲಿನವಳ ಮಾತು. ಇಲ್ಲಿ ಸೈರನ್ನು ಕೂಗಿದರೆ ಒಲೆ ಹತ್ತುತ್ತದೆ, ಕೂಗಿದರೆ ಬುತ್ತಿ ಕಟ್ಟುತ್ತಾರೆ. ತಿಂಗಳೊಳಗೆ ನಾನೂ ಕಲಿತೆ. ರಿಪೇರಿಗೆ ಕೊಟ್ಟ ಕೈಗಡಿಯಾರವನ್ನು, ಊರಿಗೆ ಊರೇ ಕೂಗುವಾಗ ಇದೇಕೆ ಎಂದು, ವಾಪಸು ತರಲೇ ಇಲ್ಲ.

ಧಾರವಾಡದಲ್ಲಿ ಕಲ್ಲೆಸೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಎನ್ನುತ್ತಾರೆ. ಗುರಿ ತಪ್ಪಿದರೆ ವಕೀಲರ ಮನೆ ಮೇಲೆ. ಅದಕ್ಕೇ ರಾಜ್ಯ ಒಂದಾದ ಮೇಲೆ ಇತ್ತ ಬಂದೆ. ಕಾರ್ಖಾನೆಯ ಊರು, ನಾಲ್ಕು ಭಾಷೆಯ ಜನ, ಜಗಳಕ್ಕೇನು ಬರ ಎಂದುಕೊಂಡಿದ್ದೆ. ಗೌರಮ್ಮನವರ ಹೊರಕೋಣೆಯನ್ನು ಬಾಡಿಗೆಗೆ ಹಿಡಿದು ಬೋರ್ಡು ಹಾಕಿದೆ. ಬೋರ್ಡು ಓದಿದವರೆಲ್ಲ ಮುಂದೆ ಹೋದರು. ಒಂದು ದಿನ ನ್ಯೂ ಟೌನಿನ ತಮಿಳು ಕೆಲಸಗಾರನೊಬ್ಬ ಒಳಗೇ ಬಂದಾಗ ಎದ್ದು ಕುರ್ಚಿ ಕೊಟ್ಟೆ. ಅವನಿಗೆ ಬೇಕಾಗಿದ್ದದ್ದು ಅಂಚೆ ಕಚೇರಿಯ ದಾರಿ. ಆ ಸಂಜೆ ಗೌರಮ್ಮ ನನಗಾಗಿ ಜೋಳದ ರೊಟ್ಟಿ ಬಡಿಯಲು ಹೋಗಿ, ಮುರಿದ ಚೂರುಗಳನ್ನು ತಟ್ಟೆಗೆ ಹಾಕಿದರು. ತಿನ್ನುತ್ತ ಅತ್ತುಬಿಟ್ಟೆ. ಖಾರ ಹೆಚ್ಚಾಯಿತೆಂದು ಅವರೇ ಬೆಲ್ಲ ತಂದುಕೊಟ್ಟರು.

ಕೊನೆಗೆ ಬಂದ ಮೊದಲ ಕೇಸೂ ಅವರದೇ. ಗೌರಮ್ಮ ಗಂಡನನ್ನು ಕಳೆದುಕೊಂಡವರು. ಈ ಮನೆ ತನ್ನದು, ಅತ್ತಿಗೆಯಿಂದ ಬಿಡಿಸಿಕೊಡಿ ಎಂದು ಮೈದುನ ಶಿವಮೊಗ್ಗದ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹಾಕಿದ್ದ. ಅವನ ವಕೀಲರು ರುದ್ರಪ್ಪನವರು. ಅವರು ಕೆಮ್ಮಿದರೂ ಕೋರ್ಟು ಕಿವಿಗೊಡುತ್ತಿತ್ತು.

"ಮನೇಲೇ ವಕೀಲ್ರಿರೋವಾಗ ನಾನ್ಯಾಕೆ ಊರೂರು ಸುತ್ಲಿ?" ಅಂದರು ಗೌರಮ್ಮ.

ಸೋತರೆ ಅವರಿಗೆ ಸೂರಿಲ್ಲ, ನನಗೆ ಆಫೀಸಿಲ್ಲ. ಹೆದರಬೇಡಿ ಎಂದು ಅವರಿಗೆ ಹೇಳಿದೆ, ಹೆದರಿದ್ದವನು ನಾನೇ. ಧಾರವಾಡದಲ್ಲಿ ಹಿರಿಯರ ಬೆನ್ನ ಹಿಂದೆ ನಿಂತವನು ನಾನು, ಅಲ್ಲಿ ತಪ್ಪಾದರೆ ಅವರು ನೋಡಿಕೊಳ್ಳುತ್ತಿದ್ದರು. ದಾವೆಗೆ ಕೊಡುವ ಲಿಖಿತ ಉತ್ತರವನ್ನು ನಾವು ಕೈಫಿಯತ್ತು ಎನ್ನುತ್ತೇವೆ, ಇಲ್ಲಿ ಅದು ತಕರಾರು. ನಾಲ್ಕು ಸಲ ಬರೆದು ಹರಿದೆ, ಹೆದರಿ ಎರಡು ಸಲ ವಾಯಿದೆ ಕೇಳಿದೆ. ಮುಂದಿನ ತಾರೀಖಿಗೂ ತಕರಾರು ಬರದಿದ್ದರೆ ಇನ್ನು ಸ್ವೀಕರಿಸುವುದಿಲ್ಲ ಎಂದರು ಮುನ್ಸೀಫರು.

ಆ ತಾರೀಖು ಬಂತು. ಗೌರಮ್ಮ ಹಿಂದಿನ ದಿನವೇ ಶಿವಮೊಗ್ಗದ ಮಗಳ ಮನೆಗೆ ಹೋಗಿದ್ದರು. ನಿದ್ದೆಯಿಲ್ಲದೆ ಹೊರಳಾಡಿದ ನನಗೆ ಬೆಳಗಿನ ಜಾವ ಕಣ್ಣು ಹತ್ತಿತು. ಕೂಗು ಕೇಳಿ ಎದ್ದು, ಸ್ನಾನ ಮುಗಿಸಿ, ಎರಡನೆಯ ಕೂಗಿಗೆ ಸ್ಟೇಷನ್ನಿಗೆ ಹೊರಡೋಣವೆಂದು ಕರಿ ಕೋಟು ತೊಟ್ಟು ಕಾದೆ. ಅದು ಬರಲೇ ಇಲ್ಲ. ಪಕ್ಕದ ಮನೆಯಾಕೆ ಬಗ್ಗಿ ನೋಡಿ, "ಇನ್ನೂ ಇಲ್ಲೇ ಇದೀರಾ? ಎರಡ್ನೇ ಕೂಗಾಗಿ ಎಷ್ಟೊತ್ತಾಯ್ತು!" ಅಂದರು. ನಾನು ಎದ್ದದ್ದೇ ಎರಡನೆಯದಕ್ಕೆ!

ರೈಲು ಹೋಗಿತ್ತು. ಸಿಕ್ಕಿದ ಬಸ್ಸು ಮರಮರಕ್ಕೂ ನಿಂತಿತು. ಕೋರ್ಟಿನಲ್ಲಿ ಹೆಸರನ್ನು ಮೂರು ಸಲ ಕೂಗುತ್ತಾರೆ, ಮೂರಕ್ಕೂ ಉತ್ತರವಿಲ್ಲದಿದ್ದರೆ ಮುಗಿಯಿತು. ಗೌರಮ್ಮ ಕೋರ್ಟಿಗೆ ಬಂದಿದ್ದರೂ ತಕರಾರು ನನ್ನ ಕೈಯಲ್ಲಿತ್ತು. ಧಾರವಾಡದಲ್ಲಾದರೆ ಯಾರಾದರೂ ಗೆಳೆಯ ಎದ್ದು "ಬರಾಕತ್ತಾರ್ರೀ ಸಾಹೇಬ್ರ" ಎನ್ನುತ್ತಿದ್ದ. ಇಲ್ಲಿ ನನಗಾಗಿ ಯಾರು ಏಳಬೇಕು? ಒಬ್ಬ ಹೆಂಗಸಿನ ಮನೆಯನ್ನು ನಿದ್ದೆಯಲ್ಲಿ ಕಳೆದೆ ಎಂದುಕೊಳ್ಳುತ್ತ, ಬಸ್ಸು ನಿಲ್ಲುವ ಮುಂಚೆಯೇ ಇಳಿದು ಕೋರ್ಟಿಗೆ ಓಡಿದೆ.

ಗೌರಮ್ಮ ಕೋರ್ಟಿನ ಜಗಲಿಯಲ್ಲಿ ನಿಂತಿದ್ದರು.

"ಕೂಗಿದ್ರೇನ್ರೀ?"

"ಎರಡು ಸಲ ಕೂಗಿದ್ರು. ಮೂರ್ನೇದಕ್ಕೆ ಬಾಯಿ ತೆಗೆಯೋ ಹೊತ್ಗೆ ರುದ್ರಪ್ಪನೋರೇ ಎದ್ರು. ಭದ್ರಾವತಿ ವಕೀಲ್ರು ದಾರೀಲಿದಾರೆ, ಇದನ್ನ ಕೊನೇಗೆ ತಗೊಳ್ಳಿ ಸ್ವಾಮಿ, ಅಂದ್ರು."

ಎದುರು ಪಕ್ಷದ ವಕೀಲರು! ತಕರಾರು ಸಲ್ಲಿಸಿ ಹೊರಬಂದು ಅವರನ್ನು ಹಿಡಿದೆ. "ಸುಮ್ನ ಕೂತಿದ್ರ ನೀವು ಗೆಲ್ತಿದ್ರಲ್ರೀ ಸರ್?"

"ಖಾಲಿ ಕುರ್ಚಿ ಜೊತೆ ವಾದ ಮಾಡೋದು ನನ್ನ ಕಸುಬಲ್ಲ ಮಾರಾಯ್ರೆ. ನೀವು ಎದುರಿಗೆ ನಿಂತಾಗ ಸೋಲಿಸ್ತೀನಿ. ಭಯ ಇರ್ಲಿ, ಒಳ್ಳೇದೇ. ಒಂದು ವಾಚೂ ಇರ್ಲಿ."

ಅವರು ಸೋಲಿಸಲಿಲ್ಲ. ಎರಡು ವರ್ಷದ ಮೇಲೆ ಮನೆ ಗೌರಮ್ಮನವರಿಗೇ ಉಳಿಯಿತು, ನನ್ನ ಬೋರ್ಡೂ ಉಳಿಯಿತು. ಹೆದರಿಕೆ ಮಾತ್ರ ಹೋಗಿಲ್ಲ, ಇಂದಿಗೂ ಮೊದಲ ಕೂಗಿಗಿಂತ ಮುಂಚೆಯೇ ಎದ್ದು ಕೂರುತ್ತೇನೆ.

ಆದರೆ ತಕರಾರು ಸಲ್ಲಿಸಿದ ಆ ದಿನ ಇನ್ನೂ ಮುಗಿದಿರಲಿಲ್ಲ. ಶಿರಸ್ತೇದಾರರು ನನ್ನನ್ನು ಒಳಗೆ ಕರೆದು ತಕರಾರಿನ ಕೊನೆಯ ಹಾಳೆ ತೋರಿಸಿದರು. "ನಿಮ್ಮ ವಿಳಾಸ ಧಾರವಾಡ ಅಂತಿದೆಯಲ್ರೀ. ನೋಟೀಸು ಅಲ್ಲಿಗೆ ಕಳಿಸ್ಬೇಕಾ?"

ನಾಲ್ಕು ಸಲ ತಿದ್ದಿ ಬರೆದವನು ಇದನ್ನು ನೋಡಿರಲಿಲ್ಲ. ಗಾಬರಿಯಿಂದ ಉಗುರಿನಲ್ಲಿ ಕೆರೆಯಲು ಹೋದೆ.

"ಕೆರೀಬೇಡಿ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಬರೆದು, ಸಹಿ ಹಾಕಿ. ಹೊಡೆದು ಹಾಕಿದ್ದೂ ಓದೋ ಹಾಗೇ ಇರ್ಬೇಕು."

ಗೆರೆ ಎಳೆದೆ. ಓಲ್ಡ್ ಟೌನ್, ಭದ್ರಾವತಿ ಎಂದು ಬರೆದು ಸಹಿ ಹಾಕಿದೆ. ನಿಮ್ಮೂರು ಯಾವುದು ಎಂದು ಯಾರಾದರೂ ಕೇಳಿದರೆ ಈಗಲೂ ಆ ಹಾಳೆ ಕಣ್ಣ ಮುಂದೆ ಬರುತ್ತದೆ. ಗೆರೆ ಎಳೆದವನು ನಾನೇ, ಸಹಿಯೂ ನನ್ನದೇ. ಗೆರೆಯ ಕೆಳಗೆ ಧಾರವಾಡ ಇನ್ನೂ ಓದಲು ಬರುತ್ತದೆ.